ನಿಲಸ್‌ಕಲ್‌ನಲ್ಲಿ ಉತ್ತರ ಹುಡುಕಿದ್ದು

ಹೊಸನಗರ ತಾಲ್ಲೂಕಿನ ನಿಲಸ್‌ಕಲ್‌ನಲ್ಲಿ ಬೃಹತ್ ಶಿಲಾ ಸಂಸ್ಕೃತಿಯ, ಅಂದರೆ ದೊಡ್ಡ ಕಲ್ಲುಗಳನ್ನು ನೆಡುತ್ತಿದ್ದ ಪ್ರಾಚೀನ ಜನರ, ನಿಲುವುಗಲ್ಲುಗಳಿವೆ. ಅವುಗಳಲ್ಲಿ ಕೆಲವು ಜೋಡಿಗಳು ಅಯನದ ದಿನ (ಜೂನ್, ಡಿಸೆಂಬರ್‌ಗಳಲ್ಲಿ ಸೂರ್ಯ ಉತ್ತರ, ದಕ್ಷಿಣದ ತುದಿ ಮುಟ್ಟಿ ತಿರುಗುವ ದಿನ) ಸೂರ್ಯ ಹುಟ್ಟುವ, ಮುಳುಗುವ ದಿಕ್ಕಿಗೆ ಹೊಂದುತ್ತವೆ ಎಂದು ಸಂಶೋಧಕರಾದ ಶ್ರೀಕುಮಾರ್ ಮೆನನ್, ಮಯಂಕ್ ವಾಹಿಯಾ ಮೊದಲಾದವರು ಬರೆದಿದ್ದಾರೆ. ನಾನೂ ಅಳೆದು ನೋಡೋಣ ಎಂದು ಡಿಸೆಂಬರ್‌ನಲ್ಲಿ ಹೊರಟೆ. ಜೂನ್‌ನಲ್ಲಿ ಮಲೆನಾಡಿಗೆ ಹೋದರೆ ಮಳೆ ಬಿಟ್ಟು ಬೇರೇನೂ ಕಾಣದು.

ಮೊದಲ ದಿನ ಪೂರ್ತಿ ದಂಡ. ಮೊಬೈಲ್‌ನ ದಿಕ್ಸೂಚಿ ನಂಬಿ ಹತ್ತಾರು ಕಲ್ಲು ಅಳೆದೆ. ಒಂದೇ ಕಲ್ಲು ಬೆಳಿಗ್ಗೆ ಒಂದು ದಿಕ್ಕು, ಸಂಜೆ ಇನ್ನೊಂದು ದಿಕ್ಕು! ಮೊಬೈಲ್ ಕವರ್‌ನ ಮುಚ್ಚಳದಲ್ಲಿ ಅಯಸ್ಕಾಂತ ಇದ್ದದ್ದು ರಾತ್ರಿ ಹೊಳೆಯಿತು.

ಮರುದಿನ, ಧ್ರುವ ನಕ್ಷತ್ರದಿಂದಲೇ ಉತ್ತರ ದಿಕ್ಕು ಗುರುತಿಸೋಣ ಎಂದು, ಗಾರೆ ಕೆಲಸದವರು ದಾರಕ್ಕೆ ಕಟ್ಟಿ ಇಳಿಬಿಡುವ ತೂಕದ ಗುಂಡು ಎರಡು ತಂದೆ. ಮೂರು ಬಿದಿರು ಕಟ್ಟಿ ಒಂದನ್ನು ಇಳಿಬಿಟ್ಟೆ. ಅಲ್ಲಿ ಧ್ರುವ ನಕ್ಷತ್ರ ಸುಮಾರು 14 ಡಿಗ್ರಿ ಎತ್ತರದಲ್ಲಿ, ಅಂದರೆ ಕೈ ಚಾಚಿ ಹಿಡಿದ ಒಂದೂವರೆ ಮುಷ್ಟಿ, ಮರದ ತಲೆಗಿಂತ ಸ್ವಲ್ಪ ಮೇಲೆ. ದಾರ ನಕ್ಷತ್ರವನ್ನು ಸೀಳುವವರೆಗೆ ಹಿಂದೆ ಸರಿಯುತ್ತ, ಪಕ್ಕಕ್ಕೆ ಜರುಗುತ್ತ ಹೋಗಿ, ಅಲ್ಲೇ ಎರಡನೆಯ ಗುಂಡು ಇಳಿಬಿಟ್ಟೆ. ಧ್ರುವ ನಕ್ಷತ್ರವೂ ನಿಜವಾದ ಧ್ರುವದಿಂದ ಅರ್ಧ ಡಿಗ್ರಿಗಿಂತ ತುಸು ಹೆಚ್ಚೇ ಆಚೆಗಿದೆ. ಆದರೆ ಡಿಸೆಂಬರ್ ಮೂರನೇ ವಾರ ರಾತ್ರಿ ಒಂಬತ್ತೂವರೆ ಸುಮಾರಿಗೆ ಅದು ಧ್ರುವದ ನೇರ ಮೇಲೆ ಬರುತ್ತದೆ, ಆಗ ಎಡ-ಬಲದ ತಪ್ಪು ಇರುವುದಿಲ್ಲ. ಬೆಳಗಾದಾಗ ಎರಡು ದಾರಗಳ ನಡುವೆ ಉತ್ತರ ಸಿದ್ಧವಾಗಿತ್ತು. ಮೇಲೆ ಇಬ್ಬನಿ ಹನಿಗಳು.

ಹಾಲು ಹಾಕಲು ಹೊರಟಿದ್ದ ಹಿರಿಯರೊಬ್ಬರು ನಿಂತು ನೋಡಿ, "ಎಂತ ಸರ್ವೇನಾ ಮಾರಾಯ್ರೆ? ಯಾರ ಜಾಗ ಹೋಗ್ತದೆ?" ಎಂದು ಕೇಳಿದರು.

ಆ ಅಕ್ಷಾಂಶದಲ್ಲಿ ಡಿಸೆಂಬರ್ ಅಯನದ ಸೂರ್ಯ ಹುಟ್ಟುವುದು ಪೂರ್ವದಿಂದ ಸುಮಾರು 24 ಡಿಗ್ರಿ ದಕ್ಷಿಣಕ್ಕೆ. ಕಲ್ಲು ನೆಟ್ಟದ್ದು ಮೂರು ಸಾವಿರ ವರ್ಷದ ಹಿಂದೆ ಎಂದುಕೊಂಡರೆ, ಆಗ ಇನ್ನೂ ಅರ್ಧ ಡಿಗ್ರಿಗಿಂತ ತುಸು ಕಡಿಮೆ ಆಚೆ, ಸೂರ್ಯನ ಅಗಲಕ್ಕಿಂತ ಹೆಚ್ಚಲ್ಲ. ಗುಡ್ಡ ಅಡ್ಡ ಇದ್ದರೆ ತೊಂದರೆ ಅದಕ್ಕಿಂತ ದೊಡ್ಡದು: 3 ಡಿಗ್ರಿ ಎತ್ತರದ ಗುಡ್ಡ ಇದ್ದರೆ ಸೂರ್ಯ ಕಾಣುವಷ್ಟರಲ್ಲಿ ಹತ್ತಿರ ಹತ್ತಿರ ಒಂದು ಡಿಗ್ರಿ ಸರಿದಿರುತ್ತಾನೆ.

ಇನ್ನೊಂದು ಎಚ್ಚರ. ಇಪ್ಪತ್ತು ಕಲ್ಲುಗಳಿದ್ದರೆ 190 ಜೋಡಿ. ಹುಡುಕುತ್ತ ಕೂತರೆ ಯಾವುದಾದರೂ ಜೋಡಿ ಯಾವುದೋ ನಕ್ಷತ್ರಕ್ಕೆ ಹೊಂದಿಯೇ ಹೊಂದುತ್ತದೆ. ಅದಕ್ಕೇ ಅಳೆಯುವ ಮೊದಲೇ ಜೋಡಿಗಳನ್ನು ಆರಿಸಿ, ನೋಟ್‌ಬುಕ್‌ನಲ್ಲಿ ಬರೆದು, ಅಳತೆಯಾದ ಮೇಲಷ್ಟೇ ಸೂರ್ಯನ ದಿಕ್ಕಿನ ಲೆಕ್ಕದ ಹಾಳೆ ತೆಗೆದೆ.

ಅಯನದ ಬೆಳಿಗ್ಗೆ? ಮಂಜು. ಸೂರ್ಯ ಕಂಡದ್ದು ಎಂಟು ಗಂಟೆಗೆ, ಅಷ್ಟು ಹೊತ್ತಿಗೆ ಅವನು ಕಲ್ಲುಗಳ ತಲೆ ದಾಟಿ ಹೋಗಿದ್ದ.