ಲಿಂಕ್ ಕೊಟ್ಟು ಲಿಂಕ್ ಪಡೆಯುವ ಮುನ್ನ

‘ಸರ್, ನಿಮ್ಮ ವೆಬ್‌ಸೈಟ್ ಬಹಳ ಚೆನ್ನಾಗಿದೆ. ನಮ್ಮ ಲಿಂಕ್ ಹಾಕಿ, ನಿಮ್ಮದನ್ನು ನಾವು ಹಾಕುತ್ತೇವೆ.’ ಸಣ್ಣದೊಂದು ಜಾಲತಾಣ ಇಟ್ಟುಕೊಂಡವರಿಗೆ ಇಂಥ ಇ-ಮೇಲ್ ತಪ್ಪಿದ್ದಲ್ಲ. ಸಕಲೇಶಪುರದ ಹೋಂಸ್ಟೇಗೂ ಬರುತ್ತದೆ, ಚಟ್ನಿಪುಡಿ ಮಾರುವವರಿಗೂ ಬರುತ್ತದೆ.

ಬೇರೆಯವರು ಕೊಡುವ ಲಿಂಕನ್ನು ಗೂಗಲ್ ಒಂದು ಬಗೆಯ ಶಿಫಾರಸು ಎಂದೇ ಎಣಿಸುತ್ತ ಬಂದಿದೆ. 1998ರಲ್ಲಿ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ಮಂಡಿಸಿದ, ಹುಡುಕಾಟದಲ್ಲಿ ಯಾವ ಪುಟ ಮೇಲೆ ಬರಬೇಕೆಂದು ಅಳೆಯುವ ಪೇಜ್‌ರ‍್ಯಾಂಕ್ ನಿಂತಿದ್ದೇ ಅದರ ಮೇಲೆ. ಶಿಫಾರಸಿಗೆ ಬೆಲೆ ಬಂದದ್ದೇ ತಡ, ಅದರ ವ್ಯಾಪಾರವೂ ಶುರುವಾಯಿತು. 2012ರ ಏಪ್ರಿಲ್‌ನಲ್ಲಿ ಹುಡುಕಾಟದ ಲೆಕ್ಕಾಚಾರದಲ್ಲಿ ಪೆಂಗ್ವಿನ್ ಎಂಬ ಬದಲಾವಣೆ ತಂದು ಗೂಗಲ್ ಅದಕ್ಕೆ ಕತ್ತರಿ ಹಾಕಿತು. ಅತಿಯಾದ ಲಿಂಕ್ ವಿನಿಮಯ ಸ್ಪ್ಯಾಮ್ ಎಂದು ಅದರ ನಿಯಮಗಳಲ್ಲೇ ಇದೆ. ಪರಿಚಿತರಿಬ್ಬರು ಒಬ್ಬರನ್ನೊಬ್ಬರು ಹೆಸರಿಸಿದರೆ ತಕರಾರಿಲ್ಲ.

ಹಾಡಿನ ಸಾಹಿತ್ಯ ಕೊಡುವ ಅಮೆರಿಕದ ರ‍್ಯಾಪ್ ಜೀನಿಯಸ್ ತಾಣ 2013ರ ಡಿಸೆಂಬರ್‌ನಲ್ಲಿ ಹೀಗೇ ಸಿಕ್ಕಿಬಿತ್ತು. ‘ನಮಗೆ ಲಿಂಕ್ ಕೊಡಿ, ನಿಮ್ಮ ಬರಹವನ್ನು ಟ್ವೀಟ್ ಮಾಡುತ್ತೇವೆ’ ಎಂದು ಬ್ಲಾಗಿಗರಿಗೆ ಆಸೆ ತೋರಿಸಿತ್ತು. ಸುಮಾರು ಹತ್ತು ದಿನ ಗೂಗಲ್ ಹುಡುಕಾಟದಲ್ಲಿ ಅದು ಹಿಂದಕ್ಕೆ ಬಿತ್ತು. ಬೇಡದ ಲಿಂಕುಗಳನ್ನು ಹುಡುಕಿ ತೆಗೆಸಲು ಅವರ ಬಳಿ ಪ್ರೋಗ್ರಾಮರ್‌ಗಳಿದ್ದರು. ಹೋಂಸ್ಟೇ ಮಾಲೀಕರಿಗೆ ಆ ಅನುಕೂಲ ಎಲ್ಲಿ?

ಮೊದಲು ನಿಮ್ಮದೇ ಪಟ್ಟಿ. ಇ-ಮೇಲ್‌ಗೆ ಉತ್ತರಿಸುತ್ತ ಕೂರಬೇಡಿ. ‘ಇಲ್ಲಿ ಜೀಪ್ ಯಾರ ಹತ್ರ ಸಿಗುತ್ತೆ? ಒಳ್ಳೆ ಕಾಫಿಪುಡಿ ಎಲ್ಲಿ?’ ಎಂದು ಅತಿಥಿಗಳು ಕೇಳಿದರೆ ಯಾರ ನಂಬರ್ ಕೊಡುತ್ತೀರೋ ಅವರ ಹೆಸರು ಬರೆದುಕೊಳ್ಳಿ. ಆ ಪಟ್ಟಿಯಲ್ಲಿ ಎಂದೂ ಸೇರದವರು ಗೂಗಲ್‌ಗಾಗಿ ಮಾತ್ರ ಏಕೆ ಸೇರಬೇಕು?

ಆಮೇಲೆ ಅವರ ತಾಣ ಓದಿ. ಮುಖಪುಟ ನೋಡಿದರೆ ಸಾಲದು, ನಾಲ್ಕೈದು ಲೇಖನ ತೆರೆಯಿರಿ. ಪ್ರವಾಸದ ಪಕ್ಕ ಕ್ರಿಪ್ಟೊ, ಅದರ ಪಕ್ಕ ತೂಕ ಇಳಿಸುವ ಮಾತ್ರೆ, ಪ್ರತಿ ಲೇಖನದಲ್ಲೂ ಸಂಬಂಧವಿಲ್ಲದ ಲಿಂಕು ಕಂಡರೆ ಅದು ಲಿಂಕ್ ಅಂಗಡಿ. ವಿಳಾಸ, ಫೋನ್ ನಂಬರ್ ಇದೆಯೇ ನೋಡಿ, ಒಮ್ಮೆ ಕರೆ ಮಾಡಿಯೇ ಬಿಡಿ. ಅವರದೂ ಹೋಂಸ್ಟೇ ಆದರೆ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿಯಾಗಿದೆಯೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಕಣ್ಣಿಗೆ ಕಾಣದ್ದನ್ನೂ ಹುಡುಕಿ. ಗೂಗಲ್‌ನಲ್ಲಿ ಇಂಗ್ಲಿಷಿನಲ್ಲಿ ‘ಸೈಟ್’ ಎಂದು ಬರೆದು, ಕೋಲನ್ ಹಾಕಿ, ಜಾಗ ಬಿಡದೆ ಅವರ ತಾಣದ ವಿಳಾಸ ಕೊಡಿ. ಅವರ ಯಾವ ಯಾವ ಪುಟ ಗೂಗಲ್‌ನಲ್ಲಿದೆ ಎಂದು ತೋರಿಸುತ್ತದೆ. ಹಳೆಯ ತಾಣದ ಒಂದು ಪುಟವೂ ಬರದಿದ್ದರೆ ಏನೋ ಎಡವಟ್ಟಾಗಿದೆ. ಆ ವಿಳಾಸದ ನಂತರ ಜಾಗ ಬಿಟ್ಟು ‘ಕ್ಯಾಸಿನೊ’, ‘ರಮ್ಮಿ’ ಎಂದು ಸೇರಿಸಿ ಮತ್ತೆ ಹುಡುಕಿ. ಹ್ಯಾಕ್ ಆದ ತಾಣಗಳಲ್ಲಿ ಮಾಲೀಕರಿಗೇ ತಿಳಿಯದಂತೆ ಜೂಜಿನ ಪುಟಗಳು ಅಡಗಿರುತ್ತವೆ. ಸಿಕ್ಕರೆ ಅವರಿಗೆ ತಿಳಿಸಿ. ಲಿಂಕ್ ಕೊಡುವುದು ಅದು ಸರಿಹೋದ ಮೇಲೆ.

ಹಾಗೆಯೇ ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಅದೇ ವಿಳಾಸ ಹಾಕಿ ಹಳೆಯ ರೂಪ ನೋಡಿ. ಮೊನ್ನೆವರೆಗೆ ಶಾಲೆಯ ತಾಣವಾಗಿದ್ದದ್ದು ಇವತ್ತು ಸಾಲದ ಆ್ಯಪ್‌ಗಳ ಬಗ್ಗೆ ಬರೆಯುತ್ತಿದ್ದರೆ, ಅವಧಿ ಮುಗಿದ ಡೊಮೇನನ್ನು, ಅಂದರೆ ತಾಣದ ವಿಳಾಸವನ್ನು, ಅದು ಹಿಂದೆ ಗಳಿಸಿದ್ದ ಒಳ್ಳೆಯ ಹೆಸರಿಗಾಗಿ ಯಾರೋ ಕೊಂಡಿರುವ ಸಾಧ್ಯತೆಯೇ ಹೆಚ್ಚು. 2024ರ ಮಾರ್ಚ್‌ನಿಂದ ಗೂಗಲ್ ಇಂಥ ದುರ್ಬಳಕೆಯನ್ನೂ ಸ್ಪ್ಯಾಮ್ ಪಟ್ಟಿಗೆ ಸೇರಿಸಿದೆ.

‘ನಮ್ಮ ಡಿ.ಎ. ಐವತ್ತು’ ಎಂಬ ಮಾತಿಗೆ ಮರುಳಾಗಬೇಡಿ. ಡಿ.ಎ. ಅಂದರೆ ಡೊಮೇನ್ ಅಥಾರಿಟಿ, ತಾಣದ ಬಲದ ಬಗ್ಗೆ ಮೋಜ್ ಎಂಬ ಕಂಪನಿಯ ಅಂದಾಜು, ಗೂಗಲ್ ಕೊಡುವ ಅಂಕವಲ್ಲ. ಅದನ್ನು ಉಬ್ಬಿಸಿ ತೋರಿಸುವವರೂ ಇದ್ದಾರೆ.

ಒಪ್ಪಂದದ ಮಾತು. ಲಿಂಕ್ ಎಲ್ಲಿ ಕೂರುತ್ತದೆ ಎಂದು ಮೊದಲೇ ಕೇಳಿ. ಜೀಪಿನ ವಿಷಯ ಬರುವ ಬರಹದೊಳಗೆ ಜೀಪಿನವರ ಲಿಂಕ್ ಇದ್ದರೆ ಓದುಗರಿಗೆ ಉಪಯೋಗ. ‘ನಮ್ಮ ಪಾಲುದಾರರು’ ಎಂಬ ಪುಟದಲ್ಲಿ ಎಂಬತ್ತು ಹೆಸರಿನ ನಡುವೆ ತುರುಕಿದರೆ ಯಾರಿಗೂ ಇಲ್ಲ. ‘ಸಕಲೇಶಪುರ ಬೆಸ್ಟ್ ಹೋಂಸ್ಟೇ’ ಎಂಬಂಥ ಪದಗಳಿಗೇ ಲಿಂಕ್ ಹಾಕಬೇಕೆಂದು ಹಟ ಹಿಡಿದರೆ ಹಿಂದೆ ಸರಿಯಿರಿ, ಅಂಗಡಿಯ ಹೆಸರು ಸಾಕು. ‘ನೀವು ನನ್ನ ಇನ್ನೊಂದು ತಾಣಕ್ಕೆ ಕೊಡಿ, ಗೂಗಲ್‌ಗೆ ಗೊತ್ತಾಗುವುದಿಲ್ಲ’ ಎನ್ನುವವರಂತೂ ಕಣ್ಣು ತಪ್ಪಿಸುವುದನ್ನೇ ಕಸುಬು ಮಾಡಿಕೊಂಡವರು. ದುಡ್ಡು ಕೈ ಬದಲಾಯಿಸಿದರೆ ಅದು ಜಾಹೀರಾತು. 2019ರಿಂದ ಅಂಥ ಲಿಂಕಿಗೆಂದೇ ಇರುವ ‘ಸ್ಪಾನ್ಸರ್ಡ್’ ಗುರುತನ್ನು ಲಿಂಕಿನ ಕೋಡ್‌ನಲ್ಲಿ ಹಾಕಿಸಿ.

ಕೊಟ್ಟ ಲಿಂಕುಗಳನ್ನು ಮೂರ್ನಾಲ್ಕು ತಿಂಗಳಿಗೊಮ್ಮೆ ಒತ್ತಿ ನೋಡಿ. ತಾಣ ಕೈ ಬದಲಾಗಿದ್ದರೆ ತೆಗೆದುಹಾಕಿ. ನಿಮಗೆ ಯಾರು ಲಿಂಕ್ ಕೊಟ್ಟಿದ್ದಾರೆಂದು ತಾಣದ ಮಾಲೀಕರಿಗೆಂದು ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನ ಲಿಂಕ್ಸ್ ವಿಭಾಗದಲ್ಲಿ ಕಾಣುತ್ತದೆ. ಅಲ್ಲಿ ಒಂದಷ್ಟು ಕಸ ಎಲ್ಲರಿಗೂ ಇರುತ್ತದೆ. ಗೂಗಲ್‌ನಿಂದ ನೇರ ಎಚ್ಚರಿಕೆ ಬಾರದೆ, ಲಿಂಕ್ ನಿರಾಕರಿಸುವ ಡಿಸವೌ ಸಾಧನಕ್ಕೆ ಕೈ ಹಾಕಬೇಡಿ.