ಕುವೈತಿ ಅರಬಿ: ಕನ್ನಡದ ವಾಕ್ಯವನ್ನು ಹಿಂದಿನಿಂದ ಓದಿ

ಕುವೈತಿಗೆ ಬಂದ ಹೊಸದರಲ್ಲಿ ಕೆಳಗೆ ಪಾರ್ಕಿಂಗಿನಲ್ಲಿ ನಿಂತಿದ್ದ ಕಾರು ತೋರಿಸಿ, ಜೊತೆಗಿದ್ದ ಕುವೈತಿಯವರಿಗೆ "ಇಲ್-ಮುದೀರ್ ಸಯ್ಯಾರ" ಅಂದೆ. ಮ್ಯಾನೇಜರ್ ಕಾರು ಅಂತ ನನ್ನ ಲೆಕ್ಕ. ಅವರಿಗೆ ಕೇಳಿಸಿದ್ದು "ಮ್ಯಾನೇಜರ್ ಒಂದು ಕಾರು" ಅಂತ. ವಾರಗಟ್ಟಲೆ ಅದೇ ತಮಾಷೆ.

ತಪ್ಪು ಎಲ್ಲಿ ಆಯ್ತು ಗೊತ್ತಾ? "ಇವರು ನಮ್ಮ ಮೇಷ್ಟ್ರು" ಅಂದರೆ ನಮಗೆ ವಾಕ್ಯ ಮುಗಿಯಿತು, ಅಲ್ವಾ? ಅಲ್ಲೂ ಹಾಗೇ. "ಅನಾ ಹಿಂದಿ" ಅಂದರೆ ನಾನು ಇಂಡಿಯಾದವನು, ಅಷ್ಟೇ. ಹಾಗಾಗಿ "ಇಲ್-ಮುದೀರ್ ಸಯ್ಯಾರ" ಅಂತ ಸುಮ್ನೆ ಪಕ್ಕಪಕ್ಕ ಇಟ್ಟರೆ ಅದೇ ವಾಕ್ಯ ಆಗಿಬಿಡುತ್ತದೆ. ಯಾರದ್ದು ಅಂತ ಹೇಳಬೇಕಾದರೆ ವಸ್ತು ಮೊದಲು, ಯಜಮಾನ ಆಮೇಲೆ: "ಸಯ್ಯಾರತ್ ಇಲ್-ಮುದೀರ್". ಸಯ್ಯಾರಕ್ಕೆ ಅಂಟಿದ ಆ "ತ್" ಬಿಡಬೇಡಿ.

ಮನೆ ಹುಡುಕುವಾಗ ಪದಗಳ ಈ ಹಿಂದುಮುಂದು ಜಾಸ್ತಿ ಬೇಕಾಗುತ್ತದೆ. "ಬೇತ್ ಚಿಬೀರ್" ಅಂದರೆ ದೊಡ್ಡ ಮನೆ, ಹೆಸರು ಮೊದಲು, ಗುಣ ಆಮೇಲೆ. "ಇಲ್" ಅಂದರೆ ಇಂಗ್ಲಿಷಿನ "the" ಇದ್ದ ಹಾಗೆ; "ಇಲ್-ಬೇತ್ ಚಿಬೀರ್" ಅಂದರೆ ಮನೆ ದೊಡ್ಡದು. ಎರಡಕ್ಕೂ "ಇಲ್" ಹಚ್ಚಿ "ಇಲ್-ಬೇತ್ ಇಲ್-ಚಿಬೀರ್" ಅಂದರೆ ನಾವು ನೋಡಿದೆವಲ್ಲ, ಆ ದೊಡ್ಡ ಮನೆ. ಒಂದೇ ಒಂದು "ಇಲ್"ನಲ್ಲಿ ಅರ್ಥ ಬೇರೆ.

ಕ್ರಿಯಾಪದವನ್ನು ಮಾತ್ರ ಕೊನೆಗೆ ಇಡಬೇಡಿ. "ಅಬಿ ಚಾಯ್", ಅಂದರೆ ಬೇಕು ಟೀ. ನಾನು ಅಂತ ಹೇಳಲೇಬೇಕಿಲ್ಲ, ನಮ್ಮ "ಬಂದೆ, ಬಂದ" ಥರ ಯಾರು ಅನ್ನೋದು ಕ್ರಿಯಾಪದದಲ್ಲೇ ಇದೆ, ಆದರೆ ಇಂಥ ಕಡೆ ಅವರದ್ದು ಪದದ ಮೊದಲಲ್ಲಿ: ಅರೂಹ್ ಅಂದರೆ ಹೋಗುತ್ತೇನೆ, ಯ್‌ರೂಹ್ ಅಂದರೆ ಅವನು ಹೋಗುತ್ತಾನೆ. "ಹೋಗಬೇಕು" ಅನ್ನೋದಕ್ಕೆ "ಅಬಿ ಅರೂಹ್", ಎರಡರಲ್ಲೂ "ನಾನು" ಕೂತಿರುತ್ತಾನೆ. "ನಿನಗೆ ಬೇಕಾ" ಅಂತ ಹೆಂಗಸರನ್ನು ಕೇಳುವಾಗ "ತಬಿ" ಅಲ್ಲ, "ತಬೀನ್". ನಮ್ಮ "ಇಲ್ಲ" ಕೊನೆಗೆ ಬಂದರೆ ಅವರ "ಮಾ" ಮುಂದೆ: "ಮಾ ಅಬಿ", ಬೇಡ. ಚೆನ್ನಾಗಿಲ್ಲ ಅನ್ನೋದಕ್ಕೆ ಮಾತ್ರ "ಮೂ ಝೇನ್".

ಅಂಗಡಿ, ಡ್ರೈವರ್‌ಗಳ ಹತ್ತಿರ "ಅನಾ ಮಾಫಿ ರೂಹ್" (ನಾನು ಹೋಗಲ್ಲ) ಅಂತ ಒಂದು ಮುರುಕು ಅರಬಿ ಓಡುತ್ತದೆ. ಕೆಲಸ ಆಗುತ್ತದೆ, ಬೇಡ ಅನ್ನಲ್ಲ. ಆದರೆ ನೀವು ಅದರಲ್ಲೇ ಮಾತಾಡಿದರೆ ಅವರೂ ಅದರಲ್ಲೇ ಉತ್ತರ ಕೊಡುತ್ತಾರೆ, ಹತ್ತು ವರ್ಷ ಇದ್ದರೂ ನಿಮಗೆ ಅಷ್ಟೇ ಬರುತ್ತದೆ.

ಕಡೆಗೆ ನನಗೆ ತುಂಬ ಇಷ್ಟವಾದದ್ದು. "ನಿನ್ನೆ ಬಂದ ಗಂಡಸು" ಅನ್ನೋದನ್ನು ಅವರು "ಇರ್-ರಯ್ಯಾಲ್ ಇಲ್ಲಿ ಯಾ ಅಮ್ಸ್" ಅನ್ನುತ್ತಾರೆ. "ಇರ್" ಅನ್ನೋದು ಅದೇ "ಇಲ್", ರಯ್ಯಾಲ್ ಗಂಡಸು, ಯಾ ಬಂದ, ಅಮ್ಸ್ ನಿನ್ನೆ. ನಮ್ಮ ವಾಕ್ಯ ಕನ್ನಡಿಯಲ್ಲಿ ನೋಡಿದ ಹಾಗೆ ಪೂರ್ತಿ ತಿರುಗಿದೆ. ನಡುವಿನ "ಇಲ್ಲಿ" ನಮ್ಮ ಇಲ್ಲಿ ಅಲ್ಲ, ಬರೀ ಜೋಡಿಸೋ ಪದ. ಮೊದಮೊದಲು ಅವರು "ಇಲ್ಲಿ" ಅಂದಾಗಲೆಲ್ಲ ನಾನು ಅಕ್ಕಪಕ್ಕ ನೋಡುತ್ತಿದ್ದೆ.