ಯಂತ್ರದ ನಾಟಿ: ಅಕ್ಕಿ ನುಚ್ಚಾಗದಂತೆ ಪೈರು ನೆಡುವುದು ಹೇಗೆ?

ಮಾರ್ಕೋನಹಳ್ಳಿ ಜಲಾಶಯದಿಂದ ನಾಲೆಗೆ ನೀರು ಬಿಟ್ಟರೆ ಕುಣಿಗಲ್ ಕಡೆಯ ಗದ್ದೆಯವರೆಲ್ಲ ಒಟ್ಟೊಟ್ಟಿಗೇ ನಾಟಿಗೆ ಇಳಿಯುತ್ತಾರೆ. ಆಳು ಸಿಗುವುದಿಲ್ಲ. ಕಾಯುತ್ತಾ ಕೂತರೆ ಒಟ್ಲಿನಲ್ಲೇ (ಸಸಿಮಡಿಯಲ್ಲೇ) ಪೈರು ಬಲಿತುಬಿಡುತ್ತದೆ. ಅದಕ್ಕೇ ಈಗ ನಾಟಿ ಯಂತ್ರದ ಬಾಡಿಗೆ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ಯಂತ್ರ ಗದ್ದೆಗಿಳಿದ ಮಾತ್ರಕ್ಕೆ ಇಳುವರಿ ಹೆಚ್ಚುವುದಿಲ್ಲ. ಪೈರಿನ ವಯಸ್ಸು, ನೆಟ್ಟ ಆಳ, ಬುಡಗಳ (ಒಂದೊಂದು ಕಡೆ ನೆಟ್ಟ ಪೈರಿನ ಗುಂಪುಗಳ) ಅಂತರ ಮೂರೂ ಸರಿಯಿರಬೇಕು. ಗಿರಣಿಯಲ್ಲಿ ಅಕ್ಕಿ ಇಡಿಯಾಗಿ ಬರುವುದರಲ್ಲೂ ಇವುಗಳ ಪಾಲು ದೊಡ್ಡದು.

ಮೊದಲು ಚಾಪೆ ಒಟ್ಲು

ಪೈರನ್ನು ಟ್ರೇನಲ್ಲಿ ಚಾಪೆಯಂತೆ ಬೆಳೆಸಬೇಕು. ಎಕರೆಗೆ ಸುಮಾರು 80 ಟ್ರೇ, 12ರಿಂದ 15 ಕೆಜಿ ಬಿತ್ತನೆ ಬತ್ತ ಬೇಕು. ಮಣ್ಣನ್ನು ಜರಡಿ ಹಿಡಿಯಿರಿ. ಸಣ್ಣ ಕಲ್ಲು ಸಿಕ್ಕಿಕೊಂಡರೂ ಯಂತ್ರದ ನೆಡುವ ಬೆರಳು ಹಾಳಾಗುತ್ತದೆ. ಬೀಜವನ್ನು ಒಂದು ದಿನ ನೆನೆಸಿ, ಇನ್ನೊಂದು ದಿನ ಗೋಣಿಚೀಲದಲ್ಲಿ ಕಟ್ಟಿಡಿ. ಮೊಳಕೆ ಮೂತಿ ತೋರಿದರೆ ಸಾಕು. ಬೀಜ ಚೆಲ್ಲುವಾಗ ಅವಸರ ಬೇಡ. ಟ್ರೇನಲ್ಲಿ ಬರಿ ಜಾಗ ಉಳಿದರೆ ಗದ್ದೆಯಲ್ಲೂ ಅಷ್ಟು ಬುಡ ತಪ್ಪುತ್ತದೆ.

15ರಿಂದ 18ನೇ ದಿನದ ಹೊತ್ತಿಗೆ ಬೇರು ಹೆಣೆದುಕೊಂಡಿರುತ್ತದೆ. ಚಾಪೆ ಸುತ್ತಿದ ಹಾಗೆ ಸುತ್ತಬಹುದು. ಆಗಲೇ ನೆಡಿ. ಎಳೆ ಪೈರು ಬೇಗ ಚೇತರಿಸಿಕೊಂಡು ಜಾಸ್ತಿ ತೆಂಡೆ (ಬುಡದಿಂದ ಒಡೆಯುವ ಮರಿ) ಹೊಡೆಯುತ್ತದೆ.

ಕೆಸರು ಕೂರಲಿ

ನಾವು ಮೊದಲ ಸಲ ಎಡವಿದ್ದು ಇಲ್ಲೇ. ಬೆಳಿಗ್ಗೆ ಕೆಸರು ಹೊಡೆಸಿ ಮಧ್ಯಾಹ್ನವೇ ಯಂತ್ರ ಇಳಿಸಿದೆವು. ಪೈರು ಅರ್ಧಕ್ಕರ್ಧ ಮುಳುಗಿಹೋಯಿತು. ಬೆಳೆಯೇನೋ ಬಂತು. ಗಿರಣಿಯಲ್ಲಿ ನೋಡಿದರೆ ಕೈತುಂಬ ನುಚ್ಚು. ಬಹಳ ಸಂಕಟವಾಯಿತು.

ಕಾರಣ ಆಮೇಲೆ ತಿಳಿಯಿತು. ತೆಂಡೆ ಹುಟ್ಟುವುದು ಕಾಂಡದ ಕೆಳಗಿನ ಗೆಣ್ಣುಗಳಿಂದ. ಅವು ಆಳದಲ್ಲಿ ಹೂತುಹೋದರೆ ತೆಂಡೆ ಕಡಿಮೆಯಾಗುತ್ತದೆ, ಬಂದರೂ ತಡವಾಗುತ್ತದೆ. ತಡವಾದ ತೆಂಡೆಗೆ ತೆನೆಯೂ ತಡ. ಕೊಯ್ಲಿನ ದಿನ ಒಂದು ತೆನೆ ಹಣ್ಣಾಗಿದ್ದರೆ ಪಕ್ಕದ್ದು ಇನ್ನೂ ಹಸಿರು. ಹಸಿ ಕಾಳು ಪೂರ್ತಿ ತುಂಬಿರುವುದಿಲ್ಲ. ಅಕ್ಕಿಯಲ್ಲಿ ಸುಣ್ಣದಂಥ ಬಿಳಿ ಮಚ್ಚೆ ಉಳಿದು ಗಿರಣಿಯಲ್ಲಿ ಪುಡಿಯಾಗುತ್ತದೆ. ಸರಿ, ಅದೂ ಮಾಗಲಿ ಅಂತ ಕಾಯೋಣ ಎಂದರೆ ಮೊದಲು ಮಾಗಿದ ಕಾಳು ಹಗಲು ಒಣಗಿ, ರಾತ್ರಿ ಇಬ್ಬನಿಗೆ ನೆಂದು, ಒಳಗೇ ಬಿರುಕು ಬಿಡುತ್ತದೆ. ಅದೂ ನುಚ್ಚೇ. ಎರಡು ಕಡೆಯಿಂದಲೂ ನಷ್ಟ, ಅಲ್ವಾ?

ಆದ್ದರಿಂದ ಮರಳು ಮಿಶ್ರಿತ ಮಣ್ಣಾದರೆ ಒಂದು ದಿನ, ಎರೆ ಮಣ್ಣಾದರೆ ಎರಡು ದಿನ ಬಿಡಿ. ಆಮೇಲೆ ಕೆಸರಿನಲ್ಲಿ ಬೆರಳಿನಿಂದ ಗೆರೆ ಎಳೆಯಿರಿ. ಗೆರೆ ತಕ್ಷಣ ಮುಚ್ಚಿಕೊಂಡರೆ ಇನ್ನೂ ಕಾಯಿರಿ. ನಿಧಾನಕ್ಕೆ ಮುಚ್ಚಿದರೆ ಹದ ಬಂದಿದೆ. ನೀರು 1ರಿಂದ 2 ಸೆಂ.ಮೀ. ಇದ್ದರೆ ಸಾಕು. ನೆಡುವ ಆಳ 2ರಿಂದ 3 ಸೆಂ.ಮೀ. ಇರಲಿ. ಮೊದಲ ಸಾಲು ಮುಗಿದ ಕೂಡಲೇ ಯಂತ್ರ ನಿಲ್ಲಿಸಲು ಹೇಳಿ, ನಾಲ್ಕು ಬುಡ ಕಿತ್ತು ಅಳೆದು ನೋಡಿ. ಚಾಲಕ ಅವಸರ ಮಾಡಿದರೂ ಇದನ್ನು ಬಿಡಬೇಡಿ.

ಅಂತರ

ಸಾಮಾನ್ಯ ಯಂತ್ರಗಳಲ್ಲಿ ಸಾಲಿನಿಂದ ಸಾಲಿಗೆ 30 ಸೆಂ.ಮೀ. ಇರುತ್ತದೆ, ಬದಲಾಯಿಸಲು ಆಗುವುದಿಲ್ಲ. ಬುಡದಿಂದ ಬುಡಕ್ಕೆ ಮಾತ್ರ ನಾವು ಹೇಳಿದಷ್ಟು ಇಡಬಹುದು. ಐಆರ್ 64ನಂಥ ಬೇಗ ಬರುವ ತಳಿಗೆ 12ರಿಂದ 15 ಸೆಂ.ಮೀ. ಇಡಿಸಿ. 15 ಇಟ್ಟರೆ ಚದರ ಮೀಟರಿಗೆ ಸುಮಾರು 22 ಬುಡ, 12 ಇಟ್ಟರೆ 27ರ ಮೇಲೆ. ಬುಡಕ್ಕೆ 2-3 ಪೈರು ಸಾಕು. ಸಾಲು ಅಗಲವಿರುವುದರಿಂದ ಕಳೆ ತೆಗೆಯಲು ತಳ್ಳುವ ಕೋನೋ ವೀಡರ್ ಓಡಿಸುವುದು ಸುಲಭ.

ನಾಟಿಯೇ ಇಲ್ಲದೆ ಮೊಳಕೆ ಬೀಜವನ್ನು ನೇರ ಕೆಸರಿಗೆ ಸಾಲಾಗಿ ಬೀಳಿಸುವ ಡ್ರಮ್ ಸೀಡರ್‌ನಲ್ಲಿ ಒಟ್ಲಿನ ಖರ್ಚೇ ಇಲ್ಲ, ಬೆಳೆಯೂ ಒಂದು ವಾರ ಬೇಗ ಬರುತ್ತದೆ. ಆದರೆ ಕಳೆ ಹೆಚ್ಚು. ಬೇರು ಮೇಲೇ ಇರುವುದರಿಂದ ಗಾಳಿಮಳೆಗೆ ಪೈರು ಒರಗುತ್ತದೆ, ನೀರಿಗೆ ಬಿದ್ದ ತೆನೆಯ ಅಕ್ಕಿ ಬಣ್ಣಗೆಡುತ್ತದೆ. ಗದ್ದೆ ಮಟ್ಟವಾಗಿಲ್ಲದಿದ್ದರೆ ನಾನಂತೂ ಇದನ್ನು ಹೇಳುವುದಿಲ್ಲ.

ಯಂತ್ರ ತಿರುಗುವ ಮೂಲೆಗಳಲ್ಲಿ ಪೈರು ಬೀಳುವುದಿಲ್ಲ. ಉಳಿದ ಟ್ರೇಗಳಿಂದ ಮೂರ್ನಾಲ್ಕು ದಿನದೊಳಗೆ ಕೈಯಲ್ಲೇ ನೆಟ್ಟುಬಿಡಿ. ತಡವಾದರೆ ಆ ಮೂಲೆಗಳು ತಡವಾಗಿ ಮಾಗುತ್ತವೆ. ಹಾಗಾದಲ್ಲಿ ಆ ಬತ್ತವನ್ನು ಬೇರೆಯೇ ಕೊಯ್ದು, ಬೇರೆಯೇ ಒಣಗಿಸಿ, ಬೇರೆ ಚೀಲಕ್ಕೆ ತುಂಬಿ.